ಫೋನಲ್ಲಿರೋ ಕಾಂಟ್ಯಾಕ್ಟ್ಸ್ ಆಪ್: ದೇಶ ದೇಶ ತಿರುಗೋರಿಗೆ ಎಷ್ಟು ಆಗಿಬರುತ್ತೆ?

ಮೊದಲೇ ಹೇಳ್ಬಿಡ್ತೀನಿ, ಇದು ಯಾವುದೋ ಹೊಸ ಆಪ್‌ನ ರಿವ್ಯೂ ಅಲ್ಲ, ನಿಮ್ಮ ಫೋನಲ್ಲಿ ಆಗಲೇ ಇರೋ ಕಾಂಟ್ಯಾಕ್ಟ್ಸ್ ಆಪ್‌ನ ರಿವ್ಯೂ. ದುಡ್ಡು ಕೊಟ್ಟು ತಗೊಂಡಿದ್ದಲ್ಲ ಅಂತ ಅದನ್ನ ಯಾರೂ ಸರಿಯಾಗಿ ನೋಡೋದೇ ಇಲ್ಲ. ಆದ್ರೆ ವರ್ಷಕ್ಕೆ ಏಳೆಂಟು ಸಲ ಕೆಲಸದ ಮೇಲೆ ಒಂದು ದೇಶದಿಂದ ಇನ್ನೊಂದಕ್ಕೆ ಓಡಾಡೋ ನನಗೆ ಪಾಸ್‌ಪೋರ್ಟ್ ಬಿಟ್ರೆ ಅತಿ ಹೆಚ್ಚು ಕೈ ಹಿಡಿದಿರೋದು ಇದೇ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಆ ಒಂದು ಸ್ಟಾರ್ ಯಾಕೆ ಹಿಡ್ಕೊಂಡೆ ಅನ್ನೋದನ್ನೇ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಆ ಕೊರತೆನ ನಾವೇ ಕೂತು ತುಂಬ್ಕೊಬೇಕು, ಆಪ್ ತಾನಾಗೇ ಮಾಡಲ್ಲ.

ಒಂದು ಸಲ ಲಂಡನ್‌ಗೆ ಹೋಗಿದ್ದೆ, ಇಳ್ಕೊಳ್ಳೋ ಮನೆ ಹತ್ರ ಸೇರೋಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಕೀ ಇಟ್ಕೊಂಡಿರೋರ ನಂಬರ್ ಮೇಲ್‌ನಲ್ಲಿ ಬಂದಿತ್ತು, ಅದನ್ನ ಹಾಗೇ ಕಾಪಿ ಮಾಡಿ ಕಾಂಟ್ಯಾಕ್ಟ್ಸ್‌ನಲ್ಲಿ ಪೇಸ್ಟ್ ಮಾಡಿದ್ದೆ. ಸ್ಕ್ರೀನ್ ಮೇಲೆ +44, ಅದರ ಪಕ್ಕ ಬ್ರ್ಯಾಕೆಟ್ ಒಳಗೆ ಒಂದು ಸೊನ್ನೆ, ಆಮೇಲೆ 20, ಆಮೇಲೆ ಮಿಕ್ಕ ಅಂಕಿಗಳು. ನೋಡೋಕೆ ಎಲ್ಲಾ ಸರಿಯಾಗೇ ಇತ್ತು. ಬಾಗಿಲ ಮುಂದೆ ಸೂಟ್‌ಕೇಸ್ ನಿಲ್ಲಿಸಿ ಕಾಲ್ ಒತ್ತಿದ್ರೆ ಎರಡು ಸೆಕೆಂಡ್ ಸದ್ದೇ ಇಲ್ಲ, ಆಮೇಲೆ ಈ ನಂಬರ್ ಸರಿಯಿಲ್ಲ ಅನ್ನೋ ರೆಕಾರ್ಡ್ ಮಾಡಿದ ದನಿ. ಮತ್ತೆ ಒತ್ತಿದೆ, ಅದೇ ದನಿ. ನಾಲ್ಕನೇ ಸಲಕ್ಕೆ ಬ್ಯಾಟರಿ 9 ಪರ್ಸೆಂಟ್‌ಗೆ ಬಂತು. ಅಷ್ಟರಲ್ಲಿ ಪಕ್ಕದ ಮನೆಗೆ ಬಂದ ಹೆಂಗಸೊಬ್ರು ಏನಾಯ್ತು ಅಂತ ಕೇಳಿ, ನನ್ನ ಫೋನ್ ಇಸ್ಕೊಂಡು ನೋಡಿ, ಆ ಸೊನ್ನೆ ಮೇಲೆ ಬೆರಳಿಟ್ಟು ಇದನ್ನ ತೆಗೀರಿ ಅಂದ್ರು. ಎಡಿಟ್ ಒತ್ತಿ, ಕರ್ಸರ್‌ನ ಸೊನ್ನೆ ಪಕ್ಕಕ್ಕೆ ತಂದು ಅಳಿಸಿ ಕಾಲ್ ಮಾಡಿದೆ, ಒಂದೇ ರಿಂಗಿಗೆ ಎತ್ತಿದ್ರು.

ಆಗಿದ್ದು ಇಷ್ಟೇ. ಅಲ್ಲಿನವರು ತಮ್ಮ ದೇಶದೊಳಗೇ ಕಾಲ್ ಮಾಡೋವಾಗ ಮುಂದೆ ಸೊನ್ನೆ ಹಾಕ್ತಾರೆ, ಹೊರಗಿಂದ +44 ಹಾಕಿ ಮಾಡೋವಾಗ ಆ ಸೊನ್ನೆ ಬರಬಾರ್ದು. ಎರಡನ್ನೂ ಒಂದೇ ಸಾಲಲ್ಲಿ ಹೇಳೋಣ ಅಂತ ಬ್ರ್ಯಾಕೆಟ್‌ನಲ್ಲಿ ಹಾಕಿರ್ತಾರೆ. ಓದೋ ಮನುಷ್ಯನಿಗೆ ಅದು ಅರ್ಥ ಆದ್ರೂ ಆಗಬಹುದು, ಆದ್ರೆ ಫೋನು ಬ್ರ್ಯಾಕೆಟ್, ಸ್ಪೇಸ್, ಗೆರೆ ಎಲ್ಲಾ ಬಿಟ್ಟು ಅಂಕಿ ಮಾತ್ರ ಎಣಿಸುತ್ತೆ, ಹಾಗಾಗಿ ಸೊನ್ನೆನೂ ಸೇರ್ಕೊಂಡು ಹೋಗುತ್ತೆ. ಟೆಲಿಫೋನ್ ನಂಬರ್ ಹೇಗೆ ಬರೀಬೇಕು ಅಂತ ಐಟಿಯು ಅಂದ್ರೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಇದೆ, ಅದರಲ್ಲೂ ಹೊರದೇಶದವರಿಗೆ ಕೊಡೋ ನಂಬರಲ್ಲಿ ಬ್ರ್ಯಾಕೆಟ್ ಹಾಕಬೇಡಿ ಅಂತಾನೇ ಇದೆ. ಆದ್ರೂ ವಿಸಿಟಿಂಗ್ ಕಾರ್ಡ್, ಬುಕಿಂಗ್ ಮೇಲ್, ಹೋಟೆಲ್ ವೆಬ್‌ಸೈಟ್ ಎಲ್ಲಾ ಕಡೆ ಇನ್ನೂ ಹಾಗೇ ಬರೀತಾರೆ. ಪೇಸ್ಟ್ ಮಾಡಿದ ಮೇಲೆ ಒಂದು ಸಲ ಕಣ್ಣಾಡಿಸಿ, ಬ್ರ್ಯಾಕೆಟ್ ಕಂಡ್ರೆ ಒಳಗಿನ ಸೊನ್ನೆ ಸಮೇತ ಕಿತ್ತಾಕಿ.

ಈಗ ಪ್ಲಸ್ ಬಗ್ಗೆ. ಎಷ್ಟೋ ಜನ ಅದು ಸುಮ್ನೆ ಅಲಂಕಾರಕ್ಕೆ ಅಂದ್ಕೊಂಡಿದ್ದಾರೆ. ಅಲ್ಲ. ಒಂದು ದೇಶದಿಂದ ಹೊರಗೆ ಕಾಲ್ ಮಾಡೋಕೆ ಮೊದಲು ಒಂದು ಬಾಗಿಲು ದಾಟೋ ಕೋಡ್ ಹಾಕಬೇಕು, ಅದು ಎಲ್ಲಾ ಕಡೆ ಒಂದೇ ಅಲ್ಲ. ಯುರೋಪಿನ ಹೆಚ್ಚಿನ ದೇಶಗಳಲ್ಲಿ 00, ಅಮೆರಿಕ ಕೆನಡಾದಲ್ಲಿ 011, ಆಸ್ಟ್ರೇಲಿಯಾದಲ್ಲಿ 0011, ಜಪಾನಲ್ಲಿ 010. ಇದನ್ನೆಲ್ಲಾ ತಲೇಲಿ ಇಟ್ಕೊಂಡು ತಿರುಗೋಕಾಗುತ್ತಾ? ಮೊಬೈಲಲ್ಲಿ ಪ್ಲಸ್ ಹಾಕಿದ್ರೆ ಇದು ಪೂರ್ತಿ ಅಂತಾರಾಷ್ಟ್ರೀಯ ನಂಬರ್ ಅಂತ ನೆಟ್‌ವರ್ಕಿಗೆ ಗೊತ್ತಾಗುತ್ತೆ, ನೀವು ಯಾವ ದೇಶದಲ್ಲಿ ನಿಂತಿದ್ರೂ ಮಿಕ್ಕಿದ್ದನ್ನ ಅದೇ ನೋಡ್ಕೊಳ್ಳುತ್ತೆ. ಅದಕ್ಕೇ 00 ಹಾಕಿ ಸೇವ್ ಮಾಡಬೇಡಿ, ಪ್ಯಾರಿಸ್‌ನಲ್ಲಿ ನಡೆಯೋ ನಂಬರ್ ನ್ಯೂಯಾರ್ಕ್‌ನಲ್ಲಿ ನಡೆಯದೇ ಹೋಗಬಹುದು. ಡಯಲ್ ಪ್ಯಾಡಲ್ಲಿ ಸೊನ್ನೆನ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಪ್ಲಸ್ ಬರುತ್ತೆ. ಪ್ಲಸ್ ಆದ್ಮೇಲೆ ಕಂಟ್ರಿ ಕೋಡ್, ಒಂದರಿಂದ ಮೂರು ಅಂಕಿ, ಆಮೇಲೆ ಮಿಕ್ಕ ನಂಬರ್, ಎಲ್ಲಾ ಸೇರಿ 15 ಅಂಕಿ ಮೀರೋ ಹಾಗಿಲ್ಲ. ಇದಕ್ಕೆ ಇ.164 ಅಂತ ಹೆಸರು. ನೀವು ಸೇವ್ ಮಾಡಿರೋದು 15 ದಾಟಿದ್ರೆ ಎಲ್ಲೋ ಏನೋ ಎರಡು ಸಲ ಸೇರ್ಕೊಂಡಿದೆ ಅಂತಾನೇ ಅರ್ಥ.

ಪ್ಲಸ್ ಇಲ್ಲದ ನಂಬರ್‌ನ ರೋಮಿಂಗಲ್ಲಿ ಡಯಲ್ ಮಾಡಿದ್ರೆ, ನೀವು ಹೋಗಿರೋ ದೇಶದ ನೆಟ್‌ವರ್ಕ್ ಸಾಮಾನ್ಯವಾಗಿ ಅದನ್ನ ತನ್ನದೇ ಲೋಕಲ್ ನಂಬರ್ ಅಂದ್ಕೊಳ್ಳುತ್ತೆ. ಒಂದೋ ಕಾಲ್ ಹೋಗಲ್ಲ, ಇಲ್ಲಾ ಯಾರೋ ಗುರುತು ಪರಿಚಯ ಇಲ್ಲದವರಿಗೆ ಹೋಗುತ್ತೆ. ನಮ್ಮ ಅಮ್ಮನ ನಂಬರ್ ನನ್ನ ಫೋನಲ್ಲಿ ಎಷ್ಟೋ ವರ್ಷ ಪ್ಲಸ್ ಇಲ್ದೆ ಇತ್ತು, ಮನೇಲಿದ್ದಾಗ ಸೇವ್ ಮಾಡಿದ್ದಲ್ವಾ. ದಿನಾ ಕಾಲ್ ಮಾಡೋ ನಂಬರೇ ಹೊರಗೆ ಹೋದಾಗ ಮೊದಲು ಕೈಕೊಡೋದು, ಯಾಕಂದ್ರೆ ಅದನ್ನ ತಿದ್ದಬೇಕು ಅಂತ ಯಾರಿಗೂ ಹೊಳೆಯಲ್ಲ. ಪ್ಲಸ್ ಹಾಕಿಟ್ರೆ ಸ್ವಂತ ದೇಶದಲ್ಲಿ ಇದ್ದಾಗ್ಲೂ ಅದೇ ನಂಬರ್ ನಡೆಯುತ್ತೆ, ಅದಕ್ಕೆ ಹೊರದೇಶದ ಕಾಲ್ ರೇಟ್ ಬೀಳುತ್ತೇನೋ ಅಂತ ಹೆದರೋದು ಬೇಡ, ನೆಟ್‌ವರ್ಕಿಗೆ ತನ್ನ ದೇಶದ ಕೋಡ್ ಗೊತ್ತಿರುತ್ತೆ.

ಸರಿ, ಲಂಡನ್ ಪಾಠ ಕಲಿತು ಬಂದ್ಮೇಲೆ ನಾನು ಏನ್ ಮಾಡ್ದೆ ಅಂದ್ರೆ ಒಂದು ಭಾನುವಾರ ಕೂತು ಫೋನಲ್ಲಿರೋ ಎಲ್ಲಾ ಹೊರದೇಶದ ನಂಬರಿಂದ ಮುಂದಿನ ಸೊನ್ನೆ ತೆಗೆದೆ. ಮುಂದಿನ ಸಲ ರೋಮ್‌ನ ಒಂದು ಆಫೀಸಿನ ಲ್ಯಾಂಡ್‌ಲೈನಿಗೆ ಕಾಲ್ ಮಾಡಿದ್ರೆ ಹೋಗ್ತಾನೇ ಇಲ್ಲ. ಇಟಲಿಯಲ್ಲಿ ಲ್ಯಾಂಡ್‌ಲೈನಿನ ಆ ಸೊನ್ನೆ ನಂಬರಿನದ್ದೇ ಭಾಗ, ಹೊರಗಿಂದ ಮಾಡಿದ್ರೂ +39 06 ಅಂತಾನೇ ಹಾಕಬೇಕು, ಅಲ್ಲಿನ ಮೊಬೈಲ್ ಮಾತ್ರ 3ರಿಂದ ಶುರುವಾಗುತ್ತೆ, ಅದಕ್ಕೆ ಸೊನ್ನೆ ಇಲ್ಲ. ಅಂದ್ರೆ ಸೊನ್ನೆ ತೆಗೀಬೇಕು ಅನ್ನೋದು ಎಲ್ಲಾ ಕಡೆ ನಡೆಯೋ ಮಾತಲ್ಲ. ರಷ್ಯಾದವರು ಒಳಗೆ 8 ಹಾಕ್ತಾರೆ, ಹೊರಗಿಂದ ಆ 8 ಹೋಗಿ +7 ಬರುತ್ತೆ. ಹಂಗರಿಯಲ್ಲಿ ತೆಗೀಬೇಕಾಗಿರೋದು 06, ಬರೀ ಸೊನ್ನೆ ತೆಗೆದು 6 ಬಿಟ್ರೆ ಕೆಟ್ಟಂಗೆ. ಸ್ಪೇನ್, ಪೋರ್ಚುಗಲ್, ಡೆನ್ಮಾರ್ಕ್, ಸಿಂಗಪುರ ಇಂಥ ಕಡೆ ತೆಗೆಯೋಕೆ ಸೊನ್ನೆನೇ ಇರಲ್ಲ, ಕೋಡ್ ಹಾಕಿ ನಂಬರ್ ಹಾಕಿದ್ರೆ ಮುಗೀತು, ಸೇವ್ ಮಾಡೋರಿಗೆ ಇವೇ ಹಾಯಾಗಿರೋ ದೇಶಗಳು.

ಎಲ್ಲಕ್ಕಿಂತ ಕಷ್ಟ ಅಂದ್ರೆ ಅರ್ಜೆಂಟೀನಾ. ಬ್ಯೂನಸ್ ಐರಿಸ್‌ನವರು ತಮ್ಮ ಮೊಬೈಲ್ ನಂಬರ್‌ನ 011, ಆಮೇಲೆ 15, ಆಮೇಲೆ ಎಂಟು ಅಂಕಿ ಅಂತ ಹೇಳ್ತಾರೆ. ಅದನ್ನ ನೀವು ಸೇವ್ ಮಾಡಬೇಕಾಗಿರೋದು +54 9 11, ಆಮೇಲೆ ಆ ಎಂಟು ಅಂಕಿ. ಸೊನ್ನೆ ಹೋಯ್ತು, 15 ಹೋಯ್ತು, ಎಲ್ಲಿಂದಲೋ ಒಂದು 9 ಬಂತು. ಇದನ್ನ ಯಾರಾದ್ರೂ ಹೇಳಿಕೊಡದೆ ಊಹೆ ಮಾಡೋಕೆ ಸಾಧ್ಯನೇ ಇಲ್ಲ. ಅದಕ್ಕೆ ನಾನು ಈಗ ಮಾಡೋದು ಒಂದೇ, ಯಾರು ನಂಬರ್ ಕೊಟ್ರೂ ಅವರ ಕೈಗೇ ಫೋನ್ ಕೊಟ್ಟು ಪ್ಲಸ್‌ನಿಂದ ಟೈಪ್ ಮಾಡಿ ಅಂತೀನಿ, ಅಲ್ಲೇ ನಿಂತು ಒಂದು ಮಿಸ್ಡ್ ಕಾಲ್ ಕೊಡ್ತೀನಿ, ಅವರ ಫೋನ್ ರಿಂಗ್ ಆಯ್ತು ಅಂದ್ರೆ ಮಾತ್ರ ಸೇವ್. ಇನ್ನೂ ಒಳ್ಳೇದು ಅಂದ್ರೆ ಅವರಿಂದಲೇ ಕಾಲ್ ಮಾಡಿಸ್ಕೊಳ್ಳೋದು, ನೀವು ಬೇರೆ ದೇಶದ ಸಿಮ್‌ನಲ್ಲಿ ಇದ್ರೆ ಬರೋ ನಂಬರ್ ಹೆಚ್ಚಾಗಿ ಪ್ಲಸ್ ಸಮೇತನೇ ಬರುತ್ತೆ, ಹಾಗೇ ಸೇವ್ ಒತ್ತಿದ್ರಾಯ್ತು.

ಇನ್ನೊಂದು, ಒಂದು ಸಲ ಸರಿಯಾಗಿ ಸೇವ್ ಮಾಡಿದ ನಂಬರ್ ಯಾವಾಗ್ಲೂ ಸರಿಯಾಗೇ ಇರುತ್ತೆ ಅಂತನೂ ಇಲ್ಲ. ದೇಶಗಳು ನಂಬರಿನ ಲೆಕ್ಕಾನೇ ಬದಲಾಯಿಸ್ತವೆ. ಬ್ರೆಜಿಲ್ 2012ರಿಂದ 2016ರೊಳಗೆ ಒಂದೊಂದೇ ಪ್ರದೇಶದಲ್ಲಿ ಮೊಬೈಲ್ ನಂಬರಿನ ಮುಂದೆ ಒಂದು 9 ಸೇರಿಸ್ತು. ಮೆಕ್ಸಿಕೋದಲ್ಲಿ ಹೊರಗಿಂದ ಮೊಬೈಲಿಗೆ ಮಾಡೋವಾಗ +52 ಆದ್ಮೇಲೆ ಒಂದು 1 ಹಾಕಬೇಕಿತ್ತು, 2019ರ ಆಗಸ್ಟ್‌ನಲ್ಲಿ ಅದನ್ನ ತೆಗೆದ್ರು. ಐವರಿ ಕೋಸ್ಟ್ 2021ರ ಜನವರಿ 31ಕ್ಕೆ 8 ಅಂಕಿಯಿಂದ 10 ಅಂಕಿಗೆ ಹೋಯ್ತು, ಯಾವ ಕಂಪನಿಯ ಸಿಮ್ ಅನ್ನೋದರ ಮೇಲೆ ಮುಂದೆ 01, 05 ಇಲ್ಲಾ 07 ಬಂತು, ಮತ್ತೆ ಅಲ್ಲೂ ಆ ಸೊನ್ನೆ ತೆಗೆಯೋ ಹಾಗಿಲ್ಲ, +225 ಆದ್ಮೇಲೆ ಅದು ಹಾಗೇ ಇರಬೇಕು. ಹಳೇ ನಂಬರ್ ಹೋಗ್ತಿಲ್ಲ ಅಂದ ತಕ್ಷಣ ಆ ಮನುಷ್ಯ ನಂಬರ್ ಬದಲಾಯಿಸಿದ್ದಾನೆ ಅಂದ್ಕೊಬೇಡಿ, ದೇಶವೇ ಬದಲಾಯಿಸಿರಬಹುದು.

ಇಷ್ಟು ನಾವು ಮಾಡಿಟ್ರೆ ಆಪ್ ತನ್ನ ಕೆಲಸ ಚೆನ್ನಾಗೇ ಮಾಡುತ್ತೆ, ಆ ನಾಲ್ಕು ಸ್ಟಾರ್ ಅದಕ್ಕೇ. ಒಂದೇ ಹೆಸರಿನ ಕೆಳಗೆ ಎಷ್ಟು ನಂಬರ್ ಬೇಕಾದ್ರೂ ಹಾಕಬಹುದು, ಪ್ರತಿಯೊಂದಕ್ಕೂ ನಮಗೆ ಬೇಕಾದ ಲೇಬಲ್ ಕೊಡಬಹುದು. ನನ್ನ ತರಾನೇ ತಿರುಗೋ ಗೆಳೆಯರೊಬ್ರಿಗೆ ನಾಲ್ಕು ಸಿಮ್ ಇದೆ, ಅವರ ಹೆಸರಿನ ಕೆಳಗೆ ಮೊಬೈಲ್, ಮೊಬೈಲ್, ಮೊಬೈಲ್ ಅಂತ ಸಾಲಾಗಿ ಇದ್ದಾಗ ಯಾವುದಕ್ಕೆ ಮಾಡಬೇಕೋ ಗೊತ್ತಾಗ್ತಿರಲಿಲ್ಲ, ಈಗ ಲೇಬಲಲ್ಲಿ ದೇಶದ ಹೆಸರೇ ಬರೆದಿದ್ದೀನಿ. ಹೆಸರಿನ ಜೊತೆ ಊರು, ಕೆಲಸನೂ ಸೇರಿಸಿ, ಎರಡು ವರ್ಷ ಆದ್ಮೇಲೆ ಬರೀ ಹೆಸರು ನೋಡಿದ್ರೆ ಯಾರು ಅಂತ ನೆನಪಾಗಲ್ಲ, ಆದ್ರೆ ಲಿಸ್ಬನ್ ಅಂತ ಸರ್ಚ್ ಮಾಡಿದ್ರೆ ಅಲ್ಲಿ ಗೊತ್ತಿರೋರೆಲ್ಲಾ ಒಟ್ಟಿಗೆ ಬರ್ತಾರೆ. ನೋಟ್ಸ್ ಜಾಗದಲ್ಲಿ ಅವರ ಟೈಮ್ ಎಷ್ಟು ಮುಂದೆ ಎಷ್ಟು ಹಿಂದೆ, ಯಾವ ಭಾಷೆ ಮಾತಾಡ್ತಾರೆ ಅಂತ ಎರಡು ಪದ ಬರೆದಿಟ್ರೆ ಯಾರನ್ನೂ ನಡುರಾತ್ರಿ ಎಬ್ಬಿಸೋದು ತಪ್ಪುತ್ತೆ.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಎಕ್ಸ್‌ಟೆನ್ಷನ್ ಇರೋ ಆಫೀಸ್ ನಂಬರಿಗೆ, ನಂಬರ್ ಆದ್ಮೇಲೆ ಪಾಜ್ (Pause) ಅಂತ ಸೇರಿಸಿದ್ರೆ ಒಂದು ಕಾಮಾ ಬರುತ್ತೆ, ಫೋನು ಸುಮಾರು ಎರಡು ಸೆಕೆಂಡ್ ತಡೆದು ಮುಂದಿನ ಅಂಕಿಗಳನ್ನ ತಾನೇ ಒತ್ತುತ್ತೆ. ವೇಟ್ ಅಂತ ಸೇರಿಸಿದ್ರೆ ಸೆಮಿಕೋಲನ್ ಬರುತ್ತೆ, ಆಗ ನೀವು ಸರಿ ಅನ್ನೋವರೆಗೂ ಕಾಯುತ್ತೆ. ಪರದೇಶದ ಭಾಷೆಯಲ್ಲಿ ಇದಕ್ಕೆ ಒಂದು ಒತ್ತಿ ಅದಕ್ಕೆ ಎರಡು ಒತ್ತಿ ಅಂತ ಮಷಿನ್ ಹೇಳ್ತಾ ಇರೋವಾಗ ಇದು ಎಷ್ಟು ನೆಮ್ಮದಿ ಕೊಡುತ್ತೆ ಅಂತ ಒಂದು ಸಲ ಬಳಸಿ ನೋಡಿ.

ಸಿಮ್ ಕಾರ್ಡಲ್ಲಿ ನಂಬರ್ ಇಡೋದಕ್ಕೆ ಮಾತ್ರ ನನ್ನ ಕಡೆಯಿಂದ ಸೊನ್ನೆ ಸ್ಟಾರ್. ಸಾಮಾನ್ಯವಾಗಿ 250ರ ಆಸುಪಾಸು ನಂಬರ್ ಹಿಡಿಯುತ್ತೆ ಅಷ್ಟೇ, ಹೆಸರು ಉದ್ದ ಇದ್ರೆ ಅರ್ಧಕ್ಕೇ ಕತ್ತರಿಸಿಹೋಗುತ್ತೆ, ನೋಟ್ಸ್ ಇಲ್ಲ, ಅಡ್ರೆಸ್ ಇಲ್ಲ. ದೇಶಕ್ಕೊಂದು ಸಿಮ್ ಬದಲಾಯಿಸೋರು ಹಳೇ ಸಿಮ್ ತೆಗೆದ ತಕ್ಷಣ ಅದರಲ್ಲಿರೋ ನಂಬರೂ ಅದರ ಜೊತೆ ಹೋಗುತ್ತೆ, ಬೇಕಾದಾಗ ಆ ಉಗುರಿನಷ್ಟು ಚೂರು ಯಾವ ಬ್ಯಾಗಿನ ಯಾವ ಜೇಬಲ್ಲಿದೆಯೋ. ಐಫೋನಲ್ಲಂತೂ ಸಿಮ್‌ನಿಂದ ನಂಬರ್ ಈಚೆ ತಗೋಬಹುದು, ಅದಕ್ಕೆ ಸೇವ್ ಮಾಡೋಕಾಗಲ್ಲ. ಗೂಗಲ್ ಅಕೌಂಟೋ ಐಕ್ಲೌಡೋ ಯಾವುದೋ ಒಂದರಲ್ಲಿ ಇಡಿ, ಎರಡರಲ್ಲೂ ಅರ್ಧರ್ಧ ಇಡಬೇಡಿ, ಫೋನ್ ಕಳೆದ್ರೂ ಬೇರೆ ಕಂಪ್ಯೂಟರಿಂದ ಲಾಗಿನ್ ಆಗಿ ತೆಗೀಬಹುದು.

ಬ್ಯಾಕಪ್ ತೆಗೆಯೋವಾಗ ವಿಕಾರ್ಡ್ ಅಂದ್ರೆ ವಿಸಿಎಫ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಅದು ಆಂಡ್ರಾಯ್ಡ್ ಐಫೋನ್ ಎರಡಕ್ಕೂ ಒಗ್ಗುತ್ತೆ. ನಾನು ಒಂದು ಸಲ ಸಿಎಸ್‌ವಿ ಫೈಲ್ ತಗೊಂಡು, ಎಲ್ಲಾ ನಂಬರ್‌ನ ಒಂದೇ ಸಲ ತಿದ್ದೋಣ ಅಂತ ಸ್ಪ್ರೆಡ್‌ಶೀಟಲ್ಲಿ ಓಪನ್ ಮಾಡಿದೆ. ಅದು ಪ್ಲಸ್ ಎಲ್ಲಾ ನುಂಗಿ, ಮುಂದಿದ್ದ ಸೊನ್ನೆಗಳನ್ನೂ ನುಂಗಿ, ಉದ್ದದ ನಂಬರ್‌ಗಳನ್ನ 4.47ಇ+11 ಅಂತ ಲೆಕ್ಕದ ಸಂಖ್ಯೆ ಮಾಡಿಟ್ಟಿತ್ತು. ಗಮನಿಸದೆ ಸೇವ್ ಮಾಡಿ ವಾಪಸ್ ಇಂಪೋರ್ಟ್ ಮಾಡ್ಬಿಟ್ಟೆ, ಮುನ್ನೂರು ಚಿಲ್ಲರೆ ಜನರ ನಂಬರ್ ಹಾಳಾಗಿ ಹೋಗಿತ್ತು, ಎದೆ ಧಸಕ್ ಅಂತು. ಆಗ ಗೂಗಲ್ ಕಾಂಟ್ಯಾಕ್ಟ್ಸ್‌ನ ಅನ್‌ಡೂ ಚೇಂಜಸ್ ಕಾಪಾಡ್ತು, 30 ದಿನದ ಒಳಗಿನ ಯಾವ ಹೊತ್ತಿಗೆ ಬೇಕಾದ್ರೂ ಇಡೀ ಲಿಸ್ಟ್‌ನ ಹಿಂದಕ್ಕೆ ತಗೊಂಡು ಹೋಗಬಹುದು. ಇದೊಂದು ಸೌಲಭ್ಯಕ್ಕೇ ಒಂದು ಪೂರ್ತಿ ಸ್ಟಾರ್ ಸಲ್ಲಬೇಕು.

ವಾಟ್ಸಾಪಿನವರಿಗೂ ಇದೇ ಮಾತು. ಬೇರೆ ದೇಶದವರ ನಂಬರ್ ಪ್ಲಸ್ ಕೋಡ್ ಇಲ್ದೆ ಸೇವ್ ಆಗಿದ್ರೆ ಅವರು ಲಿಸ್ಟಲ್ಲಿ ಬರೋದೇ ಇಲ್ಲ, ಅವರ ಹತ್ರ ವಾಟ್ಸಾಪ್ ಇಲ್ಲ ಅಂದ್ಕೊಂಡು ಸುಮ್ನಾಗ್ಬಿಡ್ತೀವಿ. ಆಮೇಲೆ ಐಫೋನಲ್ಲಿ ಡಯಲ್ ಅಸಿಸ್ಟ್, ಗೂಗಲ್ ಫೋನ್ ಆಪಲ್ಲಿ ಅಸಿಸ್ಟೆಡ್ ಡಯಲಿಂಗ್ ಅಂತ ಇದೆ, ಹೊರದೇಶದಲ್ಲಿದ್ದಾಗ ಕೋಡ್ ಅದೇ ಊಹೆ ಮಾಡಿ ಸೇರಿಸುತ್ತೆ. ಒಳ್ಳೇ ಪ್ರಯತ್ನ, ಆದ್ರೆ ನಿಮ್ಮ ಫೋನಲ್ಲಿ ಐದಾರು ದೇಶದ ನಂಬರ್ ಪ್ಲಸ್ ಇಲ್ದೆ ಕಲಸುಮೇಲೋಗರ ಆಗಿದ್ರೆ ಅದಾದ್ರೂ ಎಷ್ಟು ಅಂತ ಊಹಿಸುತ್ತೆ ಹೇಳಿ.

ತುರ್ತಿನ ನಂಬರ್‌ಗಳ ಬಗ್ಗೆ ಕೈ ಮುಗಿದು ಕೇಳ್ಕೊತೀನಿ, ಹೊರಡೋಕೆ ಮುಂಚೆ ಹತ್ತು ನಿಮಿಷ ಕೊಡಿ. ಬ್ಯಾಂಕ್ ಕಾರ್ಡ್ ಹಿಂದೆ ಇರೋ ಟೋಲ್ ಫ್ರೀ ನಂಬರ್ ಎಷ್ಟೋ ಸಲ ಹೊರದೇಶದಿಂದ ಹೋಗೋದೇ ಇಲ್ಲ. ಅದಕ್ಕೇ ಬ್ಯಾಂಕಿನವರು ಹೊರಗಿಂದ ಮಾಡೋಕೆ ಪ್ಲಸ್ ಇರೋ ಬೇರೆ ನಂಬರ್ ಕೊಟ್ಟಿರ್ತಾರೆ, ಅದನ್ನ ಹುಡುಕಿ ಸೇವ್ ಮಾಡಿ, ಕಾರ್ಡ್ ಕಳೆದ್ಮೇಲೆ ಕಾರ್ಡ್ ಹಿಂದೆ ಬರೆದಿರೋ ನಂಬರ್ ಎಲ್ಲಿಂದ ಓದ್ತೀರ. ಇನ್ಶೂರೆನ್ಸ್, ನಿಮ್ಮ ದೇಶದ ರಾಯಭಾರ ಕಚೇರಿ, ಇವೆರಡೂ ಇರಲಿ. 112 ಅನ್ನೋದು ಬಹುತೇಕ ದೇಶಗಳಲ್ಲಿ ಮೊಬೈಲಿಂದ ಹೋಗುತ್ತೆ, ಫೋನ್ ಲಾಕ್ ಆಗಿದ್ರೂ ಮಾಡಬಹುದು. ಆದ್ರೆ ಅದು ನೀವು ನಿಂತಿರೋ ದೇಶದವರನ್ನೇ ಕರೆಯೋದು, ಮನೇಲಿ ಒಬ್ಬರೇ ಇರೋ ವಯಸ್ಸಾದವರಿಗೆ ಏನೋ ಆಯ್ತು ಅಂತ ದೂರದಿಂದ ಸಹಾಯ ಕಳಿಸಬೇಕು ಅಂದ್ರೆ ಅದು ಆಗಲ್ಲ, ಆ ಊರಿನ ಹತ್ತಿರದ ಆಸ್ಪತ್ರೆ, ಪೊಲೀಸ್ ಸ್ಟೇಷನ್ನು, ಪಕ್ಕದ ಮನೆಯವರು ಇವರ ಪೂರ್ತಿ ನಂಬರ್ ಪ್ಲಸ್ ಸಮೇತ ಇರಬೇಕು. ಲಾಕ್ ಸ್ಕ್ರೀನಲ್ಲಿ ಕಾಣೋ ಎಮರ್ಜೆನ್ಸಿ ಕಾಂಟ್ಯಾಕ್ಟ್ ಕೂಡ ಪ್ಲಸ್ ಹಾಕಿರೋದೇ ಆಗಿರಲಿ. ನೀವು ಪ್ರಜ್ಞೆ ಇಲ್ದೆ ಬಿದ್ದಿರೋವಾಗ ಆ ನಂಬರ್ ನೋಡಿ ತಮ್ಮ ಫೋನಿಂದ ಡಯಲ್ ಮಾಡೋರು ನಿಮ್ಮ ದೇಶ ಯಾವುದು ಅಂತಾನೇ ಗೊತ್ತಿಲ್ಲದ ನರ್ಸ್ ಇರ್ತಾರೆ.

ನಾನು ಹಿಡ್ಕೊಂಡಿರೋ ಒಂದು ಸ್ಟಾರ್ ವಾಪಸ್ ಕೊಡೋಕೆ ಆಪ್ ಮಾಡಬೇಕಾಗಿರೋದು ಭಾರಿ ಕೆಲಸ ಏನಲ್ಲ. ಪ್ಲಸ್ ಇಲ್ದೆ ನಂಬರ್ ಸೇವ್ ಮಾಡೋಕೆ ಹೋದಾಗ, ಇದು ಯಾವ ದೇಶದ್ದು ಅಂತ ಒಂದೇ ಒಂದು ಪ್ರಶ್ನೆ ಕೇಳಲಿ. ಬ್ರ್ಯಾಕೆಟ್ ಒಳಗೆ ಸೊನ್ನೆ ಕಂಡ್ರೆ ತೆಗೀಲಾ ಅಂತ ಕೇಳಲಿ. ಯಾವ ದೇಶದ ನಂಬರ್ ಎಷ್ಟು ಅಂಕಿ, ಎಲ್ಲಿ ಸೊನ್ನೆ ಇರಬೇಕು ಎಲ್ಲಿ ಇರಬಾರ್ದು ಅನ್ನೋ ಲೆಕ್ಕ ಎಲ್ಲಾ ಲಿಬ್‌ಫೋನ್‌ನಂಬರ್ ಅನ್ನೋ ಗೂಗಲ್‌ನವರ ಓಪನ್ ಸೋರ್ಸ್ ಲೈಬ್ರರಿಯಲ್ಲಿ, ಅಂದ್ರೆ ಆಪ್ ಮಾಡೋರು ಬಳಸೋ ರೆಡಿ ಕೋಡ್‌ನಲ್ಲಿ, ಆಗಲೇ ಇದೆ, ಯಾರು ಬೇಕಾದ್ರೂ ತಗೊಂಡು ಬಳಸಬಹುದು. ಅಷ್ಟೆಲ್ಲಾ ಇಟ್ಕೊಂಡು ಸೇವ್ ಬಟನ್ ಒತ್ತೋವಾಗ ಸುಮ್ನೆ ಇರೋದು ನನಗೆ ಸರಿ ಕಾಣಲ್ಲ.

ಕೊನೇದಾಗಿ ಪೇಪರ್. ಒಂದು ಹೋಟೆಲಲ್ಲಿ ನನ್ನ ಫೋನ್ ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸಿಬಿಡ್ತು. ಪಾಸ್‌ಪೋರ್ಟ್ ಕವರ್ ಒಳಗೆ ಹತ್ತು ನಂಬರ್ ಬರೆದ ಚೀಟಿ ಇತ್ತು, ರೂಮಿನ ಫೋನ್ ಎತ್ಕೊಂಡೆ, ಆದ್ರೆ ಅದರಲ್ಲಿ ಪ್ಲಸ್ ಬಟನ್ನೇ ಇಲ್ವಲ್ಲ. ರಿಸೆಪ್ಷನ್‌ಗೆ ಕೇಳಿ, ಹೊರಗಿನ ಲೈನಿಗೆ 9, ಆಮೇಲೆ ಪ್ಲಸ್ ಬದಲು 00, ಆಮೇಲೆ ಕಂಟ್ರಿ ಕೋಡ್, ಹೀಗೆ ಒಂದೊಂದೇ ಅಂಕಿ ಚೀಟಿ ನೋಡ್ಕೊಂಡು ಒತ್ತಿ ಮನೆಗೆ ಮಾತಾಡಿದೆ. ಅವತ್ತಿಂದ ಯಾವ ದೇಶಕ್ಕೆ ಹೋಗ್ತೀನೋ ಅಲ್ಲಿನ ಹೊರಗೆ ಹೋಗೋ ಕೋಡ್‌ನೂ ಚೀಟಿಯ ಮೇಲ್ಗಡೆ ಬರ್ಕೊಂಡಿರ್ತೀನಿ. ಈಗ ಇದನ್ನ ಬರೀತಾ ಚೀಟಿ ತೆಗೆದು ನೋಡಿದ್ರೆ ಫೋನಲ್ಲಿ ತಿದ್ದಿರೋ ಐವರಿ ಕೋಸ್ಟಿನ ಅಬಿಜಾನ್‌ನ ಎರಡು ನಂಬರ್ ಇದರಲ್ಲಿ ಇನ್ನೂ 8 ಅಂಕಿಯಲ್ಲೇ ಇವೆ, ಇವತ್ತು ರಾತ್ರಿನೇ ಹೊಸ ಚೀಟಿ ಬರೀಬೇಕು.